ಪೈಲ್ವಾನರ ಸವಕಳಿ ಲೆಕ್ಕ

ಲೆಕ್ಕಶಾಸ್ತ್ರದಲ್ಲಿ ನಾವು ವಾಣಿಜ್ಯ ವಿದ್ಯಾರ್ಥಿಗಳೆಲ್ಲ ಸವಕಳಿಯ ಪಾಠ ಓದಿದ್ದೇವೆ. ಯಂತ್ರವನ್ನು ಬಳಸಿದ ಹಾಗೆಲ್ಲ ಅದರ ಬೆಲೆ ಇಳಿಯುತ್ತದೆ. ಅದಕ್ಕೇ ಜಾಣ ವ್ಯಾಪಾರಿ ಪ್ರತಿವರ್ಷ ಲಾಭದಲ್ಲಿ ಒಂದು ಪಾಲು ತೆಗೆದಿಡುತ್ತಾನೆ. ಆಟಗಾರನ ದೇಹಕ್ಕೂ ಸವಕಳಿ ಇದೆ. ಅದಕ್ಕೆ ಪಾಲು ತೆಗೆದಿಡುವವರು ಯಾರು? ಹಳೆಯ ಪೈಲ್ವಾನರ ಬದುಕನ್ನು ಓದುವಾಗ ನನಗೆ ಬಂದ ಪ್ರಶ್ನೆ ಇದು. ನಮ್ಮ ಕಲ್ಲಡ್ಕದ ಸುತ್ತಮುತ್ತ ಕಬಡ್ಡಿ ಆಡುವ ಗೆಳೆಯರ ಮುಂದೆಯೂ ಇದೇ ಪ್ರಶ್ನೆ ಇದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಮಾತು ಉರ್ದು. ಗಟ್ಟಿ ಆಳನ್ನು ಕಂಡರೆ ದಾದಿ "ಪಹೆಲ್ವಾನ್" ಅನ್ನುತ್ತಾರೆ. ಅದೇ ಮಾತು ಕನ್ನಡದಲ್ಲಿ ಪೈಲ್ವಾನ. ಮದರಸದಲ್ಲಿ ನಮಗೆ ಓದಿಸುವವರು ಉಸ್ತಾದ್. ಮೈಸೂರಿನ ಗರಡಿಮನೆಯಲ್ಲಿ ಪಟ್ಟು ಕಲಿಸುವವರೂ ಉಸ್ತಾದ್. ಕುಸ್ತಿಯ ಮಣ್ಣಿನಲ್ಲಿ ಎಲ್ಲ ಜಾತಿ ಧರ್ಮದವರ ಬೆವರೂ ಬೆರೆತಿದೆ.

ಇಂದು ನಾವು ಮೊಬೈಲಿನಲ್ಲಿ ನೋಡುವ ಡಬ್ಲ್ಯುಡಬ್ಲ್ಯುಇ ಇಡೀ ಜಗತ್ತಿಗೆ ಒಂದೇ ಅಂಗಡಿ ಇದ್ದಂತೆ. ಮೊದಲು ಹಾಗಿರಲಿಲ್ಲ. 1948ರಲ್ಲಿ ಅಮೆರಿಕದ ಕುಸ್ತಿ ಸಂಘಟಕರು ಒಕ್ಕೂಟ ಮಾಡಿಕೊಂಡು ದೇಶವನ್ನು ವಲಯಗಳಾಗಿ ಹಂಚಿಕೊಂಡರು. ಒಬ್ಬರ ವಲಯಕ್ಕೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಪೈಲ್ವಾನ ಮಾತ್ರ ಪೆಟ್ಟಿಗೆ ಹಿಡಿದು ವಲಯದಿಂದ ವಲಯಕ್ಕೆ ಅಲೆಯಬೇಕಿತ್ತು. ನಮ್ಮಲ್ಲಿಯೂ ಮೈಸೂರು, ಕೊಲ್ಹಾಪುರ, ಪಟಿಯಾಲ ಹೀಗೆ ಒಂದೊಂದು ಅರಮನೆಯ ಆಶ್ರಯದಲ್ಲಿ ಒಂದೊಂದು ಕುಸ್ತಿಯ ಸೀಮೆ ಬೆಳೆದಿತ್ತು. ರಾಜರ ಕಾಲ ಮುಗಿದಾಗ ಪೈಲ್ವಾನರ ಹಾಲು, ಬಾದಾಮಿಯ ಖರ್ಚು ಕೊಡುವವರೂ ಹೋದರು. ಆಮೇಲೆ ಅವರು ನಂಬಿದ್ದು ಟಿಕೆಟ್ ಕೊಂಡು ಬರುವ ಜನರನ್ನು.

ಆ ಕಾಲದಲ್ಲಿ ಗೆದ್ದವರಲ್ಲಿ ದೊಡ್ಡ ಹೆಸರು ದಾರಾ ಸಿಂಗ್. 1928ರಲ್ಲಿ ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿ, ಹರೆಯದಲ್ಲಿ ಸಿಂಗಾಪುರಕ್ಕೆ ಹೋಗಿ, ಅಲ್ಲಿ ವೃತ್ತಿಪರ ಕುಸ್ತಿ ಕಲಿತರು. 1959ರಲ್ಲಿ ಕಲ್ಕತ್ತದಲ್ಲಿ ಜಾರ್ಜ್ ಗೋರ್ಡಿಯೆಂಕೊ ಅವರನ್ನೂ 1968ರಲ್ಲಿ ಬೊಂಬಾಯಿಯಲ್ಲಿ ಲೂ ಥೆಸ್ಜ್ ಅವರನ್ನೂ ಸೋಲಿಸಿದರು. ಅಷ್ಟರಲ್ಲಿ ಸಿನಿಮಾಕ್ಕೂ ಕಾಲಿಟ್ಟಾಗಿತ್ತು. ಮುಂದೆ ಟಿವಿ ರಾಮಾಯಣದ ಹನುಮಂತನಾಗಿ ಮನೆಮನೆಗೂ ಪರಿಚಯವಾದರು, 2003ರಲ್ಲಿ ರಾಜ್ಯಸಭೆಗೂ ಹೋದರು. ನಮ್ಮ ರಾಜ್ಯದಲ್ಲಿ ಇದೇ ದಾರಿ ಹಿಡಿದವರು ಮೈಸೂರಿನ ಪೈಲ್ವಾನ ಎಂ.ಪಿ. ಶಂಕರ್. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ವೀರಬಾಹುವಿನ ಪಾತ್ರ ಮಾಡಿದವರು ಅವರೇ. ಅವರು ನಟನೆಗೆ ನಿಲ್ಲಲಿಲ್ಲ, ನಿರ್ಮಾಪಕರಾದರು. 1973ರ 'ಗಂಧದ ಗುಡಿ' ಅವರ ನಿರ್ಮಾಣದ ಚಿತ್ರ. ವಾಣಿಜ್ಯದ ಮಾತಿನಲ್ಲಿ ಹೇಳುವುದಾದರೆ, ತೋಳಿನ ಬಂಡವಾಳ ಕರಗುವ ಮೊದಲೇ ಇಬ್ಬರೂ ಅದನ್ನು ಬೇರೆ ಆಸ್ತಿಯಾಗಿ ಬದಲಾಯಿಸಿಕೊಂಡರು.

ಈ ಅವಕಾಶ ಎಲ್ಲರಿಗೂ ಸಿಗಲಿಲ್ಲ. ಹಮೀದಾ ಬಾನು ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಅಲಿಗಢದ ಈ ಮಹಿಳೆ ಗಂಡಸರಿಗೇ ಸವಾಲು ಹಾಕಿದರು: ನನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ ಎಂದರು. 1954ರಲ್ಲಿ ಬಾಬಾ ಪಹಲ್ವಾನ್ ಅವರನ್ನು ಸೋಲಿಸಲು ಅವರಿಗೆ ಬೇಕಾದದ್ದು 1 ನಿಮಿಷ 34 ಸೆಕೆಂಡ್. ಆದರೆ ಹೆಣ್ಣು ಗೆದ್ದರೆ ಅದು ನಾಟಕವೇ ಇರಬೇಕು ಎಂದ ಜನರೂ ಇದ್ದರು. ಯುರೋಪಿಗೆ ಹೋಗಿ ಕುಸ್ತಿ ಆಡುವ ಅವರ ಆಸೆಯೂ ಕೈಗೂಡಲಿಲ್ಲ. ಅದನ್ನು ತಡೆಯಲು ಸ್ವಂತ ತರಬೇತುದಾರರೇ ಹೊಡೆದು ಕೈಕಾಲು ಮುರಿದರು ಎಂದು ಅವರ ಮನೆಯವರು ಹೇಳಿದ್ದಾರೆ. ಕೊನೆಗಾಲದಲ್ಲಿ ಕಲ್ಯಾಣದಲ್ಲಿ ಹಾಲು ಮಾರಿ, ರಸ್ತೆ ಬದಿ ತಿಂಡಿ ಮಾರಿ ಬದುಕಿದರು. 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಗೌರವ ಬಂತು, ಆದರೆ ಅದನ್ನು ನೋಡಲು ಅವರಿರಲಿಲ್ಲ.

"ಅದೆಲ್ಲ ಮೊದಲೇ ನಿಗದಿಯಾದ ಕುಸ್ತಿ" ಎಂದು ಕೆಲವರು ಹೇಳಬಹುದು. ಫಲಿತಾಂಶ ನಿಗದಿಯಾಗಿದ್ದರೂ ಬೆನ್ನು ನೆಲಕ್ಕೆ ಬಡಿಯುವುದು ನಿಜವೇ ತಾನೇ? ಸವಕಳಿಗೆ ಸೋಲು ಗೆಲುವಿನ ಭೇದ ಇಲ್ಲ.

ಈಗ ನಮ್ಮೂರಿಗೆ ಬರೋಣ. ಮಳೆಗಾಲ ಮುಗಿದರೆ ಸಾಕು, ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳು ಶುರು. ರಾತ್ರಿ ಎರಡು ಗಂಟೆಗೆ ಪಂದ್ಯ ಮುಗಿಸಿ ಬಂದವನು ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಹೇಗೆ ಬರುತ್ತಾನೆ? ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನನ್ನ ಚಾಚಾನ ಮಗ ಇಂಥ ಒಂದು ಪಂದ್ಯಾಟದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡ. ಅಂಗಣದಲ್ಲಿ ಆಂಬುಲೆನ್ಸ್ ಇರಲಿಲ್ಲ. ಸಂಘಟಕರು ಕೊಟ್ಟದ್ದು ರಿಕ್ಷಾದ ಬಾಡಿಗೆ ಮತ್ತು ಒಂದು ಟ್ರೋಫಿ. ಟ್ರೋಫಿ ಶೋಕೇಸಿನಲ್ಲಿದೆ, ಅವನು ಮತ್ತೆ ಆಡಿಲ್ಲ.

ಹಾಗೆಂದು ಆಟ ಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಪಕ್ಕದ ಕಾರ್ಕಳ ತಾಲೂಕಿನ ಮಮತಾ ಪೂಜಾರಿಯವರನ್ನೇ ನೋಡಿ. 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಕಬಡ್ಡಿ ತಂಡದಲ್ಲಿದ್ದರು, ಅರ್ಜುನ ಪ್ರಶಸ್ತಿ ಪಡೆದರು. ಅವರಿಗೆ ರೈಲ್ವೆಯಲ್ಲಿ ಉದ್ಯೋಗ ಇತ್ತು. ಸಂಬಳ ಇದ್ದದ್ದರಿಂದ ಊಟದ ಚಿಂತೆ ಇಲ್ಲದೆ ಆಡಬಹುದಿತ್ತು. ಹಮೀದಾ ಬಾನು ಅವರಿಗೆ ಶಕ್ತಿ ಕಡಿಮೆ ಇರಲಿಲ್ಲ, ಹಿಂದೆ ನಿಲ್ಲುವ ಇಂಥದೊಂದು ಸಂಸ್ಥೆ ಇರಲಿಲ್ಲ.

ಪ್ರಾಂಶುಪಾಲರಿಗೂ ಆಡಳಿತ ಮಂಡಳಿಗೂ ನನ್ನ ಮನವಿ ಮೂರು. ಒಂದು, ಆಟಗಾರರಿಗೆ ತಪ್ಪಿದ ಪಾಠಗಳನ್ನು ಸಂಜೆ ಒಂದು ಗಂಟೆ ಹೇಳಿಕೊಡುವ ವ್ಯವಸ್ಥೆ ಆಗಲಿ. ಎರಡು, ಕಾಲೇಜಿನ ಹೆಸರಿನಲ್ಲಿ ತಂಡ ಹೊರಗೆ ಹೋಗುವ ಮೊದಲು ಅಂಗಣದಲ್ಲಿ ಪ್ರಥಮ ಚಿಕಿತ್ಸೆ ಮತ್ತು ವಾಹನ ಇದೆ ಎಂದು ಸಂಘಟಕರಿಂದ ಬರೆಸಿಕೊಳ್ಳಲಿ. ಮೂರು, ಆಟಗಾರರ ನಿಧಿಯೊಂದು ಶುರುವಾಗಲಿ. ಬಹುಮಾನದ ಹಣದಲ್ಲಿ ಹತ್ತರಲ್ಲಿ ಒಂದು ಪಾಲು, ಕ್ರೀಡಾಕೂಟದ ದಿನ ನಾವು ಹಾಕುವ ಸ್ಟಾಲ್‌ಗಳ ಲಾಭದಲ್ಲಿ ಒಂದು ಪಾಲು ಅದಕ್ಕೆ ಸೇರಲಿ. ಪೆಟ್ಟಾದ ಹುಡುಗನಿಗೂ ಹುಡುಗಿಗೂ ಅದರಿಂದ ಚಿಕಿತ್ಸೆಗೆ ನೆರವಾಗಲಿ.

ಮೊದಲ ವರ್ಷ ಹೆಚ್ಚು ಹಣ ಸೇರಲಿಕ್ಕಿಲ್ಲ. ಪರವಾಗಿಲ್ಲ, ಸವಕಳಿ ನಿಧಿ ಒಂದೇ ದಿನದಲ್ಲಿ ತುಂಬುವಂಥದ್ದಲ್ಲ. ಅದರ ಲೆಕ್ಕವನ್ನು ವಾಣಿಜ್ಯ ವಿಭಾಗದ ನಾವು ಬರೆಯುತ್ತೇವೆ. ಪ್ರತಿ ತಿಂಗಳು ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ, ಯಾರು ಬೇಕಾದರೂ ನೋಡಬಹುದು.