ಕ್ವಾರಿ ಗುಂಡಿಗೆ ಇನ್ನೆಷ್ಟು ಗಡುವು?

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಬಂಧುಗಳೇ, ನಿಮ್ಮೂರ ಆಸುಪಾಸಿನ ಕ್ವಾರಿ ಗುಂಡಿ ಎಲ್ಲಿದೆ ಎಂದು ನಾನು ತೋರಿಸಬೇಕಾಗಿಲ್ಲ. ಬಂಡೆ ಮುಗಿದಿದೆ, ಟಿಪ್ಪರುಗಳು ಬೇರೆ ದಾರಿ ಹಿಡಿದಿವೆ, ಉಳಿದಿರುವುದು ಗೋಡೆಯಂತೆ ನೆಟ್ಟಗೆ ಕಡಿದ ಕಲ್ಲಿನ ಮಗ್ಗುಲು ಮತ್ತು ತಳದಲ್ಲಿ ನಿಂತ ಪಾಚಿಗಟ್ಟಿದ ನೀರು. ಮುಚ್ಚಿ ಎಂದರೆ ಗುತ್ತಿಗೆದಾರರು ಕಾಲಾವಕಾಶ ಬೇಕು ಎನ್ನುತ್ತಾರೆ. ಕೊಟ್ಟ ಕಾಲ ಮುಗಿದ ಮೇಲೆ ಮತ್ತೆ ಅದನ್ನೇ ಕೇಳುತ್ತಾರೆ. ಕಲ್ಲು ತೆಗೆದದ್ದರ ಮೇಲೆ ನನ್ನ ಸಿಟ್ಟಿಲ್ಲ. ಮನೆಯ ತಳಪಾಯಕ್ಕೂ, ಕಡೂರು, ಬೀರೂರು, ತರೀಕೆರೆ ಹಾದು ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿಗೂ ಜಲ್ಲಿ ಬೇಕೇ ಬೇಕು. ಕ್ಷಮಿಸಲಾಗದ್ದು ಬೇರೆ ಇದೆ: ಒಂದು ಲೋಡು ಮಣ್ಣನ್ನೂ ಸುರಿಯದವರಿಗೆ ಗಡುವನ್ನು ಪುಕ್ಕಟೆಯಾಗಿ ಮುಂದೂಡುತ್ತಾ ಹೋಗುವುದು.

ಕಾಲ ಸಾಲದು ಎಂಬ ಮಾತನ್ನು ಲೆಕ್ಕಕ್ಕಿಟ್ಟು ನೋಡೋಣ. ಎರಡೂವರೆ ಎಕರೆ, ಅಂದರೆ ನೂರು ಮೀಟರ್ ಉದ್ದ, ಅಷ್ಟೇ ಅಗಲ, ಇಪ್ಪತ್ತು ಮೀಟರ್ ಆಳದ ಗುಂಡಿ ಎಂದಿಟ್ಟುಕೊಳ್ಳಿ. ತುಂಬಲು 2 ಲಕ್ಷ ಘನ ಮೀಟರ್ ಮಣ್ಣು ಬೇಕು. ಟಿಪ್ಪರಿಗೆ ಹತ್ತು ಘನ ಮೀಟರ್ ಎಂದರೆ 20,000 ಲೋಡು. ದಿನಕ್ಕೆ ಇಪ್ಪತ್ತು ಲೋಡು ತಪ್ಪದೆ ಬಂದರೂ ಸಾವಿರ ದಿನ. ಹೌದು, ಕಾಲ ಬೇಕು. ಆದರೆ ಈ ಲೆಕ್ಕ ಗುತ್ತಿಗೆಗೆ ಸಹಿ ಹಾಕಿದ ದಿನವೂ ಇಷ್ಟೇ ಇತ್ತು. ಅದಕ್ಕಾಗಿಯೇ ಮೇಲ್ಮಣ್ಣನ್ನು ಬೇರೆಯಾಗಿ ಕಾದಿಡಬೇಕು, ಒಂದು ಕಡೆ ಕಲ್ಲು ತೆಗೆಯುತ್ತಿರುವಾಗಲೇ ಮುಗಿದ ಕಡೆಯನ್ನು ಸರಿಪಡಿಸುತ್ತಾ ಬರಬೇಕು. ಅದನ್ನು ಬಿಟ್ಟು ಕೊನೆಯ ದಿನ ಎಚ್ಚೆತ್ತವರಿಗೆ ಎರಡು ವರ್ಷ ಕೊಟ್ಟರೂ ಅಷ್ಟೇ, ಹತ್ತು ವರ್ಷ ಕೊಟ್ಟರೂ ಅಷ್ಟೇ. ಕಲ್ಲು ಊರು ಬಿಟ್ಟು ಹೋದ ಮೇಲೆ ಇಡೀ ಗುಂಡಿಯನ್ನು ತುಂಬುವುದು ಎಷ್ಟೋ ಕಡೆ ಆಗದ ಕೆಲಸ ಎಂಬುದನ್ನೂ ಒಪ್ಪುತ್ತೇನೆ. ಆದರೆ ಗುಂಡಿಯ ಸುತ್ತ ಬೇಲಿ ಹಾಕಲು ಸಾವಿರ ದಿನ ಬೇಡ, ಒಂದು ವಾರ ಸಾಕು. ತುಂಬಲು ಸಮಯ ಕೇಳುವವರು ಆ ವಾರದ ಕೆಲಸವನ್ನೂ ಮಾಡಿರುವುದಿಲ್ಲ. ಗಡುವು ವಿಸ್ತರಿಸುವವರು ಅದನ್ನು ಕೇಳುವುದೂ ಇಲ್ಲ. ನನ್ನ ಹೊಟ್ಟೆ ಉರಿಯುವುದು ಇಲ್ಲಿ.

ಕಾನೂನಿಲ್ಲವೇ? ಇದೆ. ಗಟ್ಟಿ ಬಂಡೆಯಲ್ಲೂ ಆರು ಮೀಟರಿಗೆ ಮೀರದ ಮೆಟ್ಟಿಲುಗಳನ್ನು ಬಿಟ್ಟು ಇಳಿಯಬೇಕು ಎನ್ನುತ್ತವೆ 1961ರ ಗಣಿ ನಿಯಮಗಳು. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲೇ ಹೇಳಿತು. ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು, ಮೇವು ಬೆಳೆಯುವಂತೆ ಮಾಡುವುದನ್ನು ಗುತ್ತಿಗೆಯ ಷರತ್ತಾಗಿಯೇ ಹಾಕಬೇಕೆಂದು 2020ರ ಜನವರಿ 8ರಂದು ಅದೇ ಕೋರ್ಟ್ ಆದೇಶಿಸಿತು. ಅಮೃತ್ ಮಹಲ್ ರಾಸುಗಳ ತಳಿ ಕೇಂದ್ರವಿರುವ ಅಜ್ಜಂಪುರಕ್ಕೆ, ಕಾವಲುಗಳ ಹುಲ್ಲನ್ನೇ ನಂಬಿ ದನ ಸಾಕಿದ ಈ ಸೀಮೆಗೆ, ಆ ಮಾತಿನ ಬೆಲೆ ಯಾರೂ ತಿಳಿಸಿಕೊಡಬೇಕಾಗಿಲ್ಲ. ಹುಲ್ಲು ಬೆಳೆಯಬೇಕಾದ ಜಾಗದಲ್ಲಿ ದನ ಬಿದ್ದು ಸಾಯುವ ಹೊಂಡ ಇರುವುದನ್ನು ನಾವು ಸಹಿಸಿಕೊಂಡಿದ್ದೇವೆ.

ಬರದ ತಾಲ್ಲೂಕಿನಲ್ಲಿ ನಿಂತ ನೀರನ್ನು ಏಕೆ ಮುಚ್ಚಬೇಕು, ಅದೇ ಕೆರೆಯಾಗಲಿ ಎನ್ನುವವರಿದ್ದಾರೆ. ನೀರಿಗಾಗಿ ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿ ಸೋತ ಕಡೂರಿನ ರೈತ ಹಾಗೆ ಹೇಳಿದರೆ ಅವನನ್ನು ತಪ್ಪೆನ್ನಲು ಬಾಯಿ ಬರುವುದಿಲ್ಲ. ಆದರೆ ಮದಗದ ಕೆರೆ, ಅಯ್ಯನಕೆರೆ ಕಟ್ಟಿದ ನೆಲದವರು ನಾವು. ಕೆರೆ ಎಂದರೇನೆಂದು ನಮಗೆ ಗೊತ್ತಿರಬೇಕು. ಕೆರೆಗೆ ಏರಿ ಇದೆ, ತೂಬು ಇದೆ, ಹೆಚ್ಚಾದ ನೀರು ಹೋಗಲು ಕೋಡಿ ಇದೆ. ದನ ಇಳಿದು ಕುಡಿದು ಹತ್ತಿ ಬರುವಷ್ಟು ಇಳಿಜಾರಾದ ಅಂಗಳವಿದೆ. ಕಾಲಿಟ್ಟವನಿಗೆ ಆಳ ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ ತಿಳಿಯುತ್ತದೆ. ಕ್ವಾರಿ ಗುಂಡಿಯಲ್ಲಿ ಮೊದಲ ಹೆಜ್ಜೆಯೇ ಹತ್ತಾಳುದ್ದ. ಈಜು ಬಂದವನಿಗೂ ಹಿಡಿದು ಮೇಲೆ ಬರಲು ಅಂಚಿಲ್ಲ. ಅದನ್ನು ಕೆರೆ ಮಾಡಬೇಕೆಂದಿದ್ದರೆ ಒಂದು ಮಗ್ಗುಲನ್ನಾದರೂ ಇಳಿಜಾರು ಮಾಡಿ, ಮೆಟ್ಟಿಲು ಕಡಿದು, ಬೇಲಿ ಹಾಕಿ, ನೋಡಿಕೊಳ್ಳುವ ಹೊಣೆಯನ್ನು ಬರಹದಲ್ಲಿ ಒಪ್ಪಿಕೊಳ್ಳಲಿ. ಅಷ್ಟು ಮಾಡದೆ ಜಲಮೂಲ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಮೋಸ.

ಇನ್ನು ಅವಸರದಲ್ಲಿ ತುಂಬಿಸಿದರೆ ಕಸ ತಂದು ಸುರಿಯುತ್ತಾರೆ ಎಂಬ ಭಯ. ನ್ಯಾಯವಾದ ಭಯವೇ. ಬೆಂಗಳೂರು ತನ್ನ ಕಸವನ್ನು ಬೆಳ್ಳಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳಿಗೆ ಸುರಿದು ಆ ಊರುಗಳನ್ನು ನಾರಿಸಿದ್ದನ್ನು ನಾಡೇ ಕಂಡಿದೆ. ಹಾಗೆಂದು ಗುಂಡಿಯನ್ನು ತೆರೆದೇ ಬಿಡಬೇಕೆಂದಲ್ಲ, ಏನು ತುಂಬುತ್ತಿದ್ದಾರೆಂದು ಊರು ಕಾಯಬೇಕು. ವರ್ಷವರ್ಷ ಬಾಯ್ತೆರೆದುಕೊಂಡೇ ಇರುವ ಗುಂಡಿಗೇ ಕೋಳಿ ಅಂಗಡಿಯ ಕಸವೂ ಸತ್ತ ನಾಯಿಯೂ ಬಂದು ಬೀಳುವುದು.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿ ಕೆಲಸದ ಸ್ಫೋಟಕ ಸಿಡಿದಾಗ ನಮ್ಮ ಜಿಲ್ಲೆಯವರೆಗೂ ನೆಲ ಅದುರಿತು, ಸರ್ಕಾರ ಎದ್ದು ಕೂತಿತು. ಬಿಟ್ಟುಹೋದ ಗುಂಡಿ ಸದ್ದು ಮಾಡುವುದಿಲ್ಲ. ಬೇಸಿಗೆ ರಜೆಯಲ್ಲಿ ಈಜಲು ಇಳಿದ ಹುಡುಗರನ್ನು ಅದು ಒಬ್ಬೊಬ್ಬರಾಗಿ ತೆಗೆದುಕೊಳ್ಳುತ್ತದೆ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ, ನಾವು ಅಯ್ಯೋ ಪಾಪ ಎಂದು ಪುಟ ತಿರುವುತ್ತೇವೆ. ನಮ್ಮನ್ನೂ ಸೇರಿಸಿಯೇ ಬೈಯುತ್ತಿದ್ದೇನೆ. ಗ್ರಾಮಸಭೆಯಲ್ಲಿ ಬೀದಿದೀಪಕ್ಕೆ, ಚರಂಡಿಗೆ ದನಿ ಎತ್ತುವ ನಾವು ಗುಂಡಿಯ ಮಾತು ಬಂದರೆ ಅದು ಗಣಿ ಇಲಾಖೆಯದು ಎಂದು ಸುಮ್ಮನಾಗುತ್ತೇವೆ.

ಸಾರ್ವಜನಿಕ ದಾರಿಯ ಪಕ್ಕದ ಹೊಂಡಕ್ಕೆ ಬೇಲಿ ಹಾಕಿಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ದಂಡಾಧಿಕಾರಿಯಾದ ತರೀಕೆರೆಯ ಉಪವಿಭಾಗಾಧಿಕಾರಿಗಳಿಗೆ ಇದೆ. ಅವರಿಗೆ ಅರ್ಜಿ ಕೊಡಿ. ಕ್ವಾರಿ ಯೋಜನೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ, ಗುಂಡಿಯನ್ನು ಏನು ಮಾಡುತ್ತೇವೆಂದು ಬರೆದುಕೊಟ್ಟಿದ್ದರೋ ಅದನ್ನು ಗ್ರಾಮಸಭೆಯಲ್ಲಿ ಓದಿಸಿ. ಇನ್ನೊಮ್ಮೆ ಗಡುವು ಕೇಳಿ ಬಂದರೆ, ಈವರೆಗೆ ಎಷ್ಟು ಲೋಡು ಬಿದ್ದಿದೆ, ಬೇಲಿ ಎಲ್ಲಿದೆ ಎಂದು ಮೊದಲು ಕೇಳಿ. ಉತ್ತರವಿಲ್ಲದಿದ್ದರೆ ಒಂದು ದಿನವನ್ನೂ ಕೊಡಬಾರದೆಂದು ಠರಾವು ಬರೆಸಿ. ಮುಂಗಾರು ಶುರುವಾಗಿ ಗುಂಡಿಗಳು ತುಂಬುವ ಮೊದಲೇ ಬರೆಸಿ.