ಮಿನುಗೋ ಬಟನ್ ಒತ್ತೋ ಆಟ

ದಸರಾ ರಜೆಗೆ ತಿಪಟೂರು ಹತ್ತಿರ ಇರೋ ಚಿಕ್ಕಮ್ಮನ ಊರಿಗೆ ಹೋಗಿದ್ದೆ. ಅಲ್ಲಿ ನನ್ನ ತಮ್ಮ ಇದಾನೆ, ಎಂಟನೇ ಕ್ಲಾಸು, ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಚಿಕ್ಕಮ್ಮನ ಫೋನಲ್ಲಿ ಒಂದು ಕತ್ತಿ ಕಾಳಗದ ಗೇಮ್ ಆಡ್ತಾನೆ. ಹೆಸರು ಬೇಡ, ಅಂಥವು ನೂರಾರು ಇವೆ. ಅವನ ಕೈ ಎಷ್ಟು ಚುರುಕು ಅಂದ್ರೆ ನಾನು ಐದು ಸಲ ಆಡಿ ಐದೂ ಸಲ ಸೋತೆ. ಆದರೂ ಅವನು ಒಂದೇ ಲೆವೆಲ್ಲಲ್ಲಿ ಎರಡು ವಾರದಿಂದ ಸಿಕ್ಕಾಕೊಂಡಿದ್ದ.

ಯಾಕೆ ಅಂತ ನೋಡೋಕೆ ಅವನ ಹೀರೋನ ಅಪ್‌ಗ್ರೇಡ್ ಪೇಜ್ ತೆಗೆದೆ. ಇದ್ದಬದ್ದ ಪಾಯಿಂಟ್ ಎಲ್ಲಾ ಮ್ಯಾಜಿಕ್ ರೆಸಿಸ್ಟೆನ್ಸ್‌ಗೆ ಹಾಕಿದಾನೆ. ಆ ಲೆವೆಲ್ಲಲ್ಲಿ ಮ್ಯಾಜಿಕ್ ಮಾಡೋ ಶತ್ರು ಒಬ್ಬನೂ ಇಲ್ಲ!

"ಇದಕ್ಯಾಕೋ ಹಾಕ್ದೆ?" ಅಂದೆ.

"ಅದರ ಚಿತ್ರ ಗುರಾಣಿ ತರ ಇತ್ತಲ್ಲಕ್ಕ. ಗುರಾಣಿ ಇದ್ರೆ ಏಟು ಬೀಳಲ್ಲ ಅಲ್ವಾ?"

ಅವನ ಲಾಜಿಕ್‌ನಲ್ಲಿ ಏನೂ ತಪ್ಪಿಲ್ಲ. ಚಿತ್ರದ ಕೆಳಗೆ ಒಂದೂವರೆ ಸಾಲು ಇಂಗ್ಲಿಷ್ ಇತ್ತು, ಅದನ್ನ ಅವನು ಓದಿಲ್ಲ, ಅಷ್ಟೆ. ಮಿಕ್ಕಿದ್ದನ್ನೆಲ್ಲ ಹೆಂಗೆ ಆರಿಸ್ತೀಯ ಅಂತ ಕೇಳಿದ್ದಕ್ಕೆ, "ಯಾವುದು ಮಿನುಗ್ತಿರುತ್ತೋ ಅದನ್ನ ಒತ್ತೋದು" ಅಂದ. ಫೋನ್ ಗೇಮಲ್ಲಿ ಎಲ್ಲಕ್ಕಿಂತ ಜಾಸ್ತಿ ಮಿನುಗೋದು ಯಾವ ಬಟನ್ ಅಂತ ನಿಮಗೆ ಗೊತ್ತೇ ಇದೆ. ಚಿಕ್ಕಮ್ಮನ ಅಕೌಂಟಿಂದ ಒಂದು ಸಲ 89 ರೂಪಾಯಿ ಹೋಗಿತ್ತಂತೆ. ಬೈಸ್ಕೊಂಡಿದಾನೆ.

ಅವತ್ತಿಂದ ಒಂದು ವಿಷಯ ತಲೇಲಿ ಕೊರೀತಾ ಇದೆ. ಆಟ ಆಡೋ ಇಂಟರ್‌ಫೇಸ್‌ಗೂ ಹೀರೋನ ಬೆಳೆಸೋ ಇಂಟರ್‌ಫೇಸ್‌ಗೂ ತುಂಬಾ ವ್ಯತ್ಯಾಸ ಇದೆ. ಮೊದಲನೇದಕ್ಕೆ ಭಾಷೆ ಬೇಡ. 2008ರ ಡೆಡ್ ಸ್ಪೇಸ್ ನೋಡಿ, ಐಸಾಕ್‌ನ ಸೂಟಿನ ಬೆನ್ನುಮೂಳೆ ಮೇಲೆ ಬೆಳಗೋ ಕೊಳವೆಗಳೇ ಅವನ ಹೆಲ್ತ್. ಬೆಳಕು ಕಮ್ಮಿ ಆದ್ರೆ ಜೀವ ಕಮ್ಮಿ, ಯಾರಿಗಾದ್ರೂ ಅರ್ಥ ಆಗುತ್ತೆ. 2004ರ ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಲ್ಲಂತೂ ಅಪ್‌ಗ್ರೇಡ್‌ ಕೂಡ ಹಾಗೇ ನಡೆಯುತ್ತೆ. ಸಿಜೆ ಬರ್ಗರ್ ತಿಂತಾ ಇದ್ರೆ ಹೊಟ್ಟೆ ಬರುತ್ತೆ, ಜಿಮ್‌ಗೆ ಹೋದ್ರೆ ತೋಳು ದಪ್ಪ ಆಗುತ್ತೆ, ಓಡ್ತಾ ಓಡ್ತಾ ದಮ್ಮು ಜಾಸ್ತಿ ಆಗುತ್ತೆ. ನಮ್ಮ ಏರಿಯಾ ಹುಡುಗರೆಲ್ಲ ಒಂದಕ್ಷರ ಓದದೆ ಅದನ್ನ ಆಡಿದಾರೆ.

ಆದರೆ ಪಾಯಿಂಟ್ ಹಂಚೋ ಆಟಗಳು ಹಾಗಲ್ಲ. 2000ದಲ್ಲಿ ಬಂದ ಡಯಾಬ್ಲೋ 2ರಲ್ಲಿ ಒಂದೊಂದು ಲೆವೆಲ್ ಏರಿದಾಗ್ಲೂ ಐದು ಪಾಯಿಂಟ್ ಸಿಗುತ್ತೆ, ಜೊತೆಗೆ ಸ್ಕಿಲ್ ಟ್ರೀಗೆ ಒಂದು. ತಪ್ಪಾಗಿ ಹಾಕಿದ್ರೆ ವಾಪಸ್ ತಗೊಳ್ಳೋ ಅವಕಾಶ ಬಂದಿದ್ದು 2010ರ ಪ್ಯಾಚ್‌ನಲ್ಲಿ, ಹತ್ತು ವರ್ಷ ಆದ ಮೇಲೆ! ಅಲ್ಲೀವರೆಗೆ ಓದೋದ್ರಲ್ಲಿ ಒಂದು ತಪ್ಪು ಮಾಡಿದ್ರೆ ಹೀರೋನ ಮೊದಲಿಂದ ಬೆಳೆಸ್ಬೇಕಿತ್ತು. ಇಂಥ ಆಟದಲ್ಲಿ ನಿಜವಾದ ತೀರ್ಮಾನಗಳೆಲ್ಲ ಇರೋದು ಆ ಸಣ್ಣ ಅಕ್ಷರದ ಸಾಲುಗಳಲ್ಲಿ. ಅದನ್ನ ಓದೋಕೆ ಬರದವನು ಕೈಯಲ್ಲಿ ಆಡ್ತಾನೆ, ತಲೇಲಿ ಆಡೋಕೆ ಅವನಿಗೆ ಬಿಡಲ್ಲ.

ಇದನ್ನ ಹಾಸ್ಟೆಲಲ್ಲಿ ಹೇಳಿದ್ರೆ ಎಲ್ಲರೂ ಒಂದೇ ಮಾತು: "ಆಡ್ತಾ ಆಡ್ತಾ ಇಂಗ್ಲಿಷ್ ಕಲೀತಾನೆ ಬಿಡೇ, ನಾವೂ ಹಂಗೇ ಕಲ್ತಿದ್ದು." ಸುಳ್ಳು. ನಾವು ಕಲಿತಿದ್ದು ಎಲ್‌ಕೆಜಿಯಿಂದ ಫೀಸ್ ಕಟ್ಟಿ. ನನ್ನ ತಮ್ಮ ಆಟದಿಂದ ಕಲಿತಿರೋ ಇಂಗ್ಲಿಷ್ ವಿಕ್ಟರಿ, ಡಿಫೀಟ್, ಕ್ಲೇಮ್, ಬೈ ನೌ. ಜೀವ ಶೇಕಡಾ 30ಕ್ಕಿಂತ ಕೆಳಗೆ ಹೋದಾಗ ಮಾತ್ರ ರೆಸಿಸ್ಟೆನ್ಸ್ ಶೇಕಡಾ 12 ಏರುತ್ತೆ ಅನ್ನೋ ತರದ ವಾಕ್ಯ ಬಂದ್ರೆ ಅಲ್ಲಿಗೆ ಮುಗೀತು.

ನಾನೇನು ದೊಡ್ಡ ಕನ್ನಡ ಪಂಡಿತೆ ಅಲ್ಲ. ಮೈನ್‌ಕ್ರಾಫ್ಟ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಸ್ವಯಂಸೇವಕರು ಅನುವಾದ ಮಾಡಿರೋದು. ಜೋಶಲ್ಲಿ ಕನ್ನಡಕ್ಕೆ ಬದಲಾಯಿಸಿದೆ. ಸೌಂಡ್ ಕಮ್ಮಿ ಮಾಡೋದು ಎಲ್ಲಿ ಅಂತ ಹುಡುಕೋಕೆ ಒದ್ದಾಡಿದೆ, ಕೊನೆಗೆ ಬಟನ್ ಇರೋ ಜಾಗ ನೆನಪಿಂದ ಒತ್ತಿದೆ. ಎರಡನೇ ಭಾಷೆಯಾಗಿ ಹತ್ತು ವರ್ಷ ಕನ್ನಡ ಓದಿದವಳು ನಾನು! ನಾಚಿಕೆ ಆಯ್ತು. ಆದರೆ ತಮ್ಮನಿಗೆ ದಿನಾ ಏನಾಗುತ್ತೆ ಅಂತ ಅವತ್ತು ಸ್ವಲ್ಪ ಗೊತ್ತಾಯ್ತು.

ಈ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ಮೂರು ಜನ ಒಂದು ಪುಟ್ಟ ಗೇಮ್ ಮಾಡ್ತಿದೀವಿ. ಅಪ್‌ಗ್ರೇಡ್ ಪೇಜ್ ಕನ್ನಡದಲ್ಲೇ ಇರ್ಲಿ ಅಂತ ನಾನೇ ಹಟ ಹಿಡಿದೆ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ "ಶಕ್ತಿ" ಅಂತ ಹಾಕಿದ್ವಿ. ತ ಒತ್ತು ಕೆಳಗೆ ಹೋಗದೆ ಪಕ್ಕದಲ್ಲೇ ದಂಡವಾಗಿ ನಿಂತಿತು, ಗುಡಿಸು ಇನ್ನೆಲ್ಲೋ. "ಶಕ್ತಿ" ಕಂಪ್ಯೂಟರ್‌ಗೆ ಐದು ಕೋಡ್: ಶ, ಕ, ವಿರಾಮ, ತ, ಗುಡಿಸು. ಅವನ್ನ ಸೇರಿಸಿ ಒತ್ತಕ್ಷರ ಮಾಡೋ ನಿಯಮ ಫಾಂಟ್ ಒಳಗಿರುತ್ತೆ, ಆದರೆ ಅದನ್ನ ಓದಿ ಜೋಡಿಸೋಕೆ ಒಂದು ಶೇಪಿಂಗ್ ಎಂಜಿನ್ ಬೇಕು. ಟೆಕ್ಸ್ಟ್‌ಮೆಶ್ ಪ್ರೊ ಆ ಕೆಲಸ ಮಾಡಲ್ಲ. ಇಂಗ್ಲಿಷ್‌ಗೆ ಹೆಚ್ಚುಕಮ್ಮಿ ಬೇಡ ನೋಡಿ, ಅದಕ್ಕೆ ಯಾರೂ ತಲೆ ಕೆಡಿಸ್ಕೊಂಡಿಲ್ಲ.

ಹಾಗಂತ ಆಗೋದೇ ಇಲ್ಲ ಅಂತಲ್ಲ. ಹಾರ್ಫ್‌ಬಜ್ ಅನ್ನೋ ಓಪನ್ ಸೋರ್ಸ್ ಲೈಬ್ರರಿ ಇದೆ, ನಿಮ್ಮ ಆಂಡ್ರಾಯ್ಡ್ ಫೋನಲ್ಲಿ, ಕ್ರೋಮ್‌ನಲ್ಲಿ ಕನ್ನಡ ಸರಿಯಾಗಿ ಕಾಣೋದು ಅದರಿಂದಾನೇ. 2023ರಲ್ಲಿ ಬಂದ ಗೋಡೋ 4ರಲ್ಲೂ ಅದು ಇದೆ. ಒಂದು ವಾರದ ಕೆಲಸ ಬಿಸಾಕಿ ಗೋಡೋಗೆ ಹೋದ್ವಿ (ಟೀಮ್‌ಮೇಟ್‌ಗಳ ಶಾಪ ಇನ್ನೂ ಮುಗಿದಿಲ್ಲ). ಹಾಗಾಗಿ "ಟೆಕ್ನಿಕಲಿ ಕಷ್ಟ" ಅಂತ ಕೋಟಿಗಟ್ಟಲೆ ದುಡಿಯೋ ಕಂಪನಿಗಳು ಹೇಳಿದ್ರೆ ನಾನು ನಂಬಲ್ಲ.

ಆಮೇಲೆ ಪದಗಳ ಜಗಳ. ಸ್ಟ್ಯಾಮಿನಾಗೆ ಒಬ್ಬ "ತಾಳಿಕೆಯ ಸಾಮರ್ಥ್ಯ" ಅಂದ. ಪಠ್ಯಪುಸ್ತಕದ ವಾಸನೆ. ಇಂಥ ಅನುವಾದ ಮಾಡಿದ್ರೆ ತಮ್ಮ ಮತ್ತೆ ಮಿನುಗೋ ಬಟನ್ನೇ ಒತ್ತೋದು. "ದಮ್ಮು" ಅಂತ ಇಟ್ವಿ. ಕೂಲ್‌ಡೌನ್‌ಗೆ "ಸುಧಾರಿಸ್ಕೊಳ್ಳೋ ಹೊತ್ತು". ಡಿಫೆನ್ಸ್‌ಗೆ "ತಡೆ". ಲೆವೆಲ್ ಲೆವೆಲ್ಲಾಗೇ ಇದೆ, ಅದು ಈಗ ಕನ್ನಡಾನೇ.

ಹೋದ ಭಾನುವಾರ ಬಿಲ್ಡ್ ಕಳಿಸಿದೆ. ಅರ್ಧ ಗಂಟೆಗೆ ಫೋನ್ ಬಂತು.

"ಅಕ್ಕ, ದಮ್ಮು ಜಾಸ್ತಿ ಮಾಡಿದ್ರೆ ಜಾಸ್ತಿ ಹೊತ್ತು ಓಡ್ತಾನಾ, ಇಲ್ಲಾ ಜೋರಾಗಿ ಓಡ್ತಾನಾ? ಬರ್ದೇ ಇಲ್ಲ ಇದ್ರಲ್ಲಿ."

ನೋಡಿದ್ರೆ ಹೌದು, ಬರೆದಿರ್ಲಿಲ್ಲ. ಇವತ್ತು ರಾತ್ರಿ ಕೂತು ಸೇರಿಸ್ತೀನಿ. ಅಲ್ಲೀವರೆಗೂ ಪಾಯಿಂಟ್ ಹಾಕಲ್ಲ, ಹಂಗೇ ಇಟ್ಕೊಂಡಿರ್ತೀನಿ ಅಂದಿದಾನೆ.