ಕಟ್ಟುವ ಮುನ್ನ ನೆಲದ ಗುಣ, ನೀರಿನ ದಾರಿ ಅರಿಯಬೇಕು

2022ರ ಸೆಪ್ಟೆಂಬರ್ ಮೊದಲ ವಾರ ಸುರಿದ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಹಲವು ಭಾಗಗಳು ಜಲಾವೃತವಾದುದನ್ನು ನಾವೆಲ್ಲ ಕಂಡಿದ್ದೇವೆ. ಕೋಟ್ಯಂತರ ರೂಪಾಯಿ ಬೆಲೆಯ ಮನೆಗಳಿಂದಲೂ ಜನರನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು. ಆ ಮನೆಗಳನ್ನು ಕಟ್ಟಿದವರು ದೂರದ ಜಿಲ್ಲೆಗಳಿಂದ ಬಂದು ತಗ್ಗಿನ ಶೆಡ್ಡುಗಳಲ್ಲಿ ವಾಸಿಸುವ ಕಾರ್ಮಿಕರು. ನೆರೆ ಬಂದಾಗ ಮೊದಲು ಕಳೆದುಕೊಳ್ಳುವವರೂ ಅವರೇ. ಇಷ್ಟು ದೊಡ್ಡ ಕಟ್ಟಡಗಳಿಗೆ ಅನುಮತಿ ನೀಡುವಾಗ ನೀರಿನ ವಿಚಾರವನ್ನು ಯಾರೂ ಕೇಳಲಿಲ್ಲವೇ?

ಕೇಳುವ ಕಾನೂನು ಇದೆ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ನಿರ್ಮಾಣಗಳಿಗೆ ಪೂರ್ವಾನುಮತಿ ಬೇಕು. ಅದರ ನಮೂನೆಗಳಲ್ಲಿ ಮಣ್ಣಿನ ಬಗೆ, ಇಳಿಜಾರು, ನೆಲ ಕುಸಿಯುವ ಸಂಭವ, ಭೂಕಂಪದ ಸಾಧ್ಯತೆ, ಸ್ವಾಭಾವಿಕ ಜಲಮಾರ್ಗ ಬದಲಾಗುವುದೇ ಎಂಬ ಪ್ರಶ್ನೆಗಳಿವೆ. ಪ್ರದೇಶವು ಪ್ರವಾಹಕ್ಕೋ ಭೂಕುಸಿತಕ್ಕೋ ಈಡಾಗುವಂಥದ್ದೇ ಎಂದೂ ಕೇಳಲಾಗಿದೆ.

ಕೊರತೆ ಇರುವುದು ಪ್ರಶ್ನೆಯಲ್ಲಲ್ಲ, ಉತ್ತರಿಸುವ ರೀತಿಯಲ್ಲಿ. ಮೊದಲನೆಯದಾಗಿ, ಉತ್ತರ ಬರೆಯುವವರು ಅನುಮತಿ ಬೇಡುವವರೇ. ಎರಡನೆಯದಾಗಿ, ಕಟ್ಟಡ ಮತ್ತು ಬಡಾವಣೆ ಯೋಜನೆಗಳಿಗೆ ಸಾರ್ವಜನಿಕ ಆಲಿಕೆಯಿಂದ ಅದೇ ಅಧಿಸೂಚನೆ ವಿನಾಯಿತಿ ನೀಡಿದೆ. ಹಿಂದಿನ ಮಳೆಗಾಲಗಳಲ್ಲಿ ನೀರು ಎಲ್ಲಿ ನಿಂತಿತ್ತೆಂದು ಬಲ್ಲ ಊರ ಹಿರಿಯರ ಮಾತಿಗೆ ಅಲ್ಲಿ ಸ್ಥಳವಿಲ್ಲ. ಮೂರನೆಯದಾಗಿ, ಪ್ರತಿ ನಿವೇಶನವನ್ನು ಒಂಟಿಯಾಗಿ ಪರಿಶೀಲಿಸಲಾಗುತ್ತದೆ. 20,000 ಚದರ ಮೀಟರಿಗಿಂತ ಚಿಕ್ಕ ಕಟ್ಟಡಗಳು ಈ ಪರಿಶೀಲನೆಗೆ ಬರುವುದೇ ಇಲ್ಲ.

ಆದರೆ ನೀರಿಗೆ ನಿವೇಶನದ ಗಡಿ ತಿಳಿಯದು. ಬೆಂಗಳೂರು ದಿಬ್ಬದ ಮೇಲಿನ ಊರು. ಇಲ್ಲಿ ದೊಡ್ಡ ನದಿ ಇಲ್ಲ. ಆದ್ದರಿಂದ ಹಿರಿಯರು ಕಣಿವೆಗುಂಟ ಸಾಲುಸಾಲಾಗಿ ಕೆರೆ ಕಟ್ಟಿ, ಒಂದರ ಕೋಡಿ ನೀರು ರಾಜಕಾಲುವೆಯ ಮೂಲಕ ಮುಂದಿನ ಕೆರೆಗೆ ಹರಿಯುವಂತೆ ಮಾಡಿದರು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಅದರ ನೀರು ಕೆಳಗಿನವರ ಮನೆ ಸೇರುತ್ತದೆ. ಮೇಲಿನ ನೂರು ಕಟ್ಟಡಗಳೂ ಒಂದೊಂದಾಗಿ ನಿಯಮ ಪಾಲಿಸಿರಬಹುದು. ಒಟ್ಟು ಕಣಿವೆಯ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿರುವುದಿಲ್ಲ.

ನೀರಿನಂತೆಯೇ ನೆಲದ ಮಾತನ್ನೂ ಕಡೆಗಣಿಸುವಂತಿಲ್ಲ. ಉತ್ತರಾಖಂಡದ ಜೋಶಿಮಠವು ಹಳೆಯ ಭೂಕುಸಿತದ ಮಣ್ಣು-ಬಂಡೆಗಳ ರಾಶಿಯ ಮೇಲೆ ನಿಂತಿದೆ, ಅಲ್ಲಿ ಭಾರೀ ನಿರ್ಮಾಣ ಸಲ್ಲದು ಎಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. ಆದರೂ ಪಟ್ಟಣ ಬೆಳೆಯುತ್ತಲೇ ಹೋಯಿತು. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟು, ಜನ ಮನೆ ತೊರೆಯಬೇಕಾಯಿತು. ಅಲ್ಲಿ ತಿಳಿವಳಿಕೆಗೆ ಕೊರತೆ ಇರಲಿಲ್ಲ. ಅದಕ್ಕೆ ತಲೆಬಾಗುವ ಮನಸ್ಸಿರಲಿಲ್ಲ.

2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ಪ್ರದೇಶ ಬಿಡಬೇಕೆಂದಿತು. ಮಹಾಯೋಜನೆಯ ಮಿತಿಯನ್ನು ಬದಲಿಸುವ ಅಧಿಕಾರ ಅದಕ್ಕಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ಮಹಾಯೋಜನೆಯ 30 ಮೀಟರ್ ಉಳಿಯಿತು. ಹಾಗಾದರೆ ಹೊಣೆ ಮಹಾಯೋಜನೆ ರೂಪಿಸುವವರದು. ಕಣಿವೆ ಕಣಿವೆಯ ನೆಲ-ನೀರಿನ ನಕ್ಷೆ ಮೊದಲು ಸಿದ್ಧವಾಗಲಿ. ಅದಕ್ಕೆ ಒಪ್ಪುವಂತೆ ಬಡಾವಣೆ ಬರಲಿ. ಸ್ವತಂತ್ರ ತಜ್ಞರು ಸ್ಥಳಕ್ಕೆ ಬಂದು ನೋಡಲಿ, ಸ್ಥಳೀಯರ ಮಾತು ದಾಖಲಾಗಲಿ.

ಸರ್ಕಾರಕ್ಕೆ ಹೇಳಿ ಕೈತೊಳೆದುಕೊಳ್ಳುವುದು ನಮಗೆ ತರವಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನು ನೆನೆಯುವ ನಾವು, ಶಾಲೆ, ವಸತಿ ನಿಲಯ, ಕಲ್ಯಾಣ ಮಂಟಪಗಳನ್ನು ಕಟ್ಟುವಾಗ ಆ ಜಾಗ ಹಿಂದೆ ಏನಾಗಿತ್ತು ಎಂದು ಮೊದಲು ವಿಚಾರಿಸಬೇಕು. ಮನೆ ಕೊಳ್ಳುವ ಭಕ್ತರೂ ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಕೆರೆಗಳ ಗುರುತನ್ನು ನೋಡಿಯೇ ಮುಂದುವರಿಯಲಿ. ನಾವು ಅಡ್ಡಗಟ್ಟಿದ ನೀರು ಕೆಳಗಿನ ಬಡವನ ಮನೆಗೆ ನುಗ್ಗುವುದಾದರೆ, ಅಂಥ ಕಟ್ಟಡದಲ್ಲಿ ಎಷ್ಟು ದಾಸೋಹ ನಡೆದರೂ ಆ ಋಣ ತೀರದು.